ಕೂಲಿ ಏರಿಸಬೇಡಿ ಎಂದವರೇ ಕದ್ದು ಏರಿಸಿದರು

ಪ್ಲೇಗ್ ಬಂತು, ಜನ ಸತ್ತರು, ಕೂಲಿ ಏರಿತು, ಜೀತ ಹೋಯಿತು. ಮಧ್ಯಯುಗದ ಯುರೋಪಿನ ಕಥೆಯನ್ನು ಜಾಸ್ತಿ ಜನ ಇಷ್ಟರಲ್ಲೇ ಮುಗಿಸಿಬಿಡುತ್ತಾರೆ. ಆದರೆ ಧಣಿಗಳು ಕೈಕಟ್ಟಿ ಕೂತು ಕೂಲಿ ಏರುವುದನ್ನು ನೋಡುತ್ತಿದ್ದರಾ? ಇಲ್ಲವೇ ಇಲ್ಲ. ನನಗೆ ಈ ಕಥೆಯಲ್ಲಿ ಮಜಾ ಅನ್ನಿಸುವುದೇ ಅವರ ಪರದಾಟ.

ಇಂಗ್ಲೆಂಡಿಗೆ ಪ್ಲೇಗ್ ಬಂದದ್ದು 1348ರಲ್ಲಿ. ಮೂರರಲ್ಲಿ ಒಂದು ಪಾಲಿನಿಂದ ಅರ್ಧದಷ್ಟು ಜನ ಸತ್ತರು ಅಂತ ಲೆಕ್ಕ. ಹೊಲ ಅಷ್ಟೇ ಇದೆ, ಉಳುವ ಕೈ ಕಡಿಮೆ. ಉಳಿದವರು ಹಳೇ ಕೂಲಿಗೆ ಬರಲ್ಲ ಅಂದರು. 1349ರ ಜೂನ್‌ನಲ್ಲಿ, ಸಾವು ಇನ್ನೂ ನಿಂತಿರಲೇ ಇಲ್ಲ, ರಾಜ ಮೂರನೇ ಎಡ್ವರ್ಡ್ ಆಜ್ಞೆ ಹೊರಡಿಸಿದ: ಕೂಲಿ 1346ರ ಸುಮಾರಿಗೆ ಎಷ್ಟಿತ್ತೋ ಅಷ್ಟೇ. 60 ವರ್ಷದೊಳಗಿನ, ಮೈಯಲ್ಲಿ ಶಕ್ತಿ ಇರುವ, ಸ್ವಂತ ಜಮೀನು ಕಸುಬು ಇಲ್ಲದವರು, ಗಂಡಸಾಗಲಿ ಹೆಂಗಸಾಗಲಿ, ಕರೆದ ಕಡೆ ದುಡಿಯಲೇಬೇಕು. ಗಟ್ಟಿಮುಟ್ಟಾದ ಭಿಕ್ಷುಕನಿಗೆ ಕಾಸು ಕೊಡುವುದೂ ಅಪರಾಧ.

1351ರಲ್ಲಿ ಸಂಸತ್ತು ದರಪಟ್ಟಿಯನ್ನೇ ಬರೆಯಿತು. ಕಳೆ ಕೀಳಲು, ಹುಲ್ಲು ಒಣಗಿಸಲು ದಿನಕ್ಕೆ 1 ಪೆನ್ನಿ. ಆಗಸ್ಟ್ ಮೊದಲ ವಾರದ ಕುಯ್ಲಿಗೆ 2, ಎರಡನೇ ವಾರದಿಂದ 3. ಊಟ, ಕುಡಿಯಲು, ಮತ್ತೇನಾದರೂ ಉಪಚಾರ ಕೇಳುವಂತಿಲ್ಲ, ಕೊಡುವಂತೆಯೂ ಇಲ್ಲ. ಈ ಕೊನೆಯ ಸಾಲು ನೋಡಿ. ಕೊಡುತ್ತಿದ್ದರು, ಅದಕ್ಕೇ ಬೇಡ ಅಂತ ಬರೆಯಬೇಕಾಯಿತು, ಅಲ್ವಾ? ಸಂಸತ್ತಿನಲ್ಲಿ ಎಲ್ಲ ಧಣಿಗಳದ್ದೂ ಒಂದೇ ಮಾತು, ಆದರೆ ಕುಯ್ಲಿನ ಹೊತ್ತಿಗೆ ಪೈರು ಉದುರಲು ಶುರುವಾದರೆ ಪಕ್ಕದ ಧಣಿಯ ಆಳನ್ನು ಕರೆತರಲು ಒಂದಿಷ್ಟು ಧಾನ್ಯ, ಬಿಸಿ ಊಟ ಕೊಡಲೇಬೇಕಿತ್ತು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಕಾನೂನಿನ ಕೂಲಿ.

ಕಾನೂನು ಸುಮ್ನೆ ಕಾಗದದ ಮೇಲಿತ್ತು ಅಂತಲ್ಲ. ಸಾವಿರಾರು ಜನ ದಂಡ ತೆತ್ತರು, ಕಾಲಿಗೆ ಕೊಳ ಹಾಕಲು ಊರೂರಿಗೂ ಮರದ ಚೌಕಟ್ಟು ಮಾಡಿಸಿ ಅಂತ ಅಪ್ಪಣೆಯೂ ಆಗಿತ್ತು. ಆದರೂ ಕೂಲಿಯವರ ಕೈಯಲ್ಲಿ ಕಾಸು ಆಡಿತು. ಎಷ್ಟು ಅಂದರೆ, 1363ರಲ್ಲಿ ಗಾಡಿ ಹೊಡೆಯುವವರು, ಉಳುವವರು ಒರಟು ಉಣ್ಣೆ ಬಟ್ಟೆ ಬಿಟ್ಟು ಬೇರೆ ಉಡಬಾರದು ಅಂತ ಇನ್ನೊಂದು ಕಾನೂನು! ಅದು ಹೆಚ್ಚು ದಿನ ಬಾಳಲಿಲ್ಲ.

ಜೀತ ಮಾತ್ರ ಹಾಗೇ ಇತ್ತು. ಧಣಿಯ ಹೊಲದಲ್ಲಿ ಬಿಟ್ಟಿ ದುಡಿಮೆ, ಮಗಳ ಮದುವೆಗೆ ಧಣಿಗೆ ಕಪ್ಪ, ಮನೆ ಯಜಮಾನ ಸತ್ತರೆ ಕೊಟ್ಟಿಗೆಯ ಒಳ್ಳೆ ದನ ಧಣಿಗೆ. ಇದರ ಮೇಲೆ ತಲೆಗಂದಾಯ, 1377ರಲ್ಲಿ ತಲೆಗೆ 4 ಪೆನ್ನಿ ಇದ್ದದ್ದು 1381ರ ಹೊತ್ತಿಗೆ 12. ಆ ಜೂನ್‌ನಲ್ಲಿ ರೈತರು ಲಂಡನ್ನಿಗೆ ನುಗ್ಗಿದರು. 14 ವರ್ಷದ ರಾಜ ಎರಡನೇ ರಿಚರ್ಡ್ ಜೀತ ರದ್ದು, ಎಕರೆಗೆ 4 ಪೆನ್ನಿ ಗೇಣಿ ಅಂತ ಮಾತು ಕೊಟ್ಟ. ಮಾರನೇ ದಿನ ಮುಖಂಡ ವ್ಯಾಟ್ ಟೈಲರ್ ಕೊಲೆಯಾದ, ಜುಲೈಗೆ ಮಾತು ವಾಪಸ್. ಆದರೆ ಜಮೀನು ಬೀಳು ಬಿಡುವುದಕ್ಕಿಂತ ಗೇಣಿಗೆ ಕೊಡುವುದೇ ವಾಸಿ ಅಂತ ಧಣಿಗಳಿಗೇ ಅನ್ನಿಸತೊಡಗಿತ್ತು. ಮುಂದಿನ ನೂರು ವರ್ಷದಲ್ಲಿ, ಯಾರೂ ರದ್ದು ಮಾಡದೆಯೇ, ಜೀತ ಹೆಚ್ಚುಕಡಿಮೆ ಸವೆದುಹೋಯಿತು.

ಹಾಗಾದರೆ ಜನ ಕಡಿಮೆಯಾದರೆ ಜೀತ ತಾನಾಗಿ ಹೋಗುತ್ತದೆಯೇ? ಪೋಲೆಂಡ್ ನೋಡಿ. ಅಲ್ಲೂ ಆಳುಗಳ ಕೊರತೆಯೇ. ಆದರೆ ಧಣಿಗಳು ಒಗ್ಗಟ್ಟು ಬಿಡಲಿಲ್ಲ, ನ್ಯಾಯ ತೀರ್ಮಾನವೂ ಅವರ ಕೈಯಲ್ಲೇ, ಓಡಿಹೋಗಿ ಸೇರಿಕೊಳ್ಳಲು ದೊಡ್ಡ ಪಟ್ಟಣಗಳೂ ಕಡಿಮೆ. ಪಶ್ಚಿಮಕ್ಕೆ ಧಾನ್ಯ ಮಾರಿದರೆ ಒಳ್ಳೆ ದುಡ್ಡು ಬೇರೆ. 1496ರಲ್ಲಿ ಒಂದು ಹಳ್ಳಿಯಿಂದ ವರ್ಷಕ್ಕೆ ಒಬ್ಬನೇ ರೈತ ಹೊರಹೋಗಬಹುದು ಅಂತ ಕಾನೂನಾಯಿತು. 1520ರಲ್ಲಿ ವಾರಕ್ಕೆ ಒಂದು ದಿನ ಬಿಟ್ಟಿ ದುಡಿಮೆ ಕಡ್ಡಾಯವಾಯಿತು, ಆಮೇಲೆ ಅದು ಬೆಳೆಯುತ್ತಲೇ ಹೋಯಿತು. ಪಕ್ಕದ ಜರ್ಮನ್ ರಾಜ್ಯ ಪ್ರಷ್ಯಾದಲ್ಲೂ ಇದೇ ಹಾದಿ. ಅಲ್ಲಿ ಜೀತ ರದ್ದು ಮಾಡುವ ಆಜ್ಞೆ ಬಂದದ್ದು 1807ರಲ್ಲಿ.