ಕಲ್ಲುರಾಶಿಯ ಪೈಕಾ

14 ಮೇ 2024, ಮಂಗಳವಾರ
ತುಂಗನಾಥ, ಉತ್ತರಾಖಂಡ

ಸುಮಾರು 3,500 ಮೀಟರ್ ಎತ್ತರ. ಕಲ್ಲುಸಂದಿಯಲ್ಲಿ ಬದುಕುವ, ಇಲಿಯಂತೆ ಕಾಣುವ ಪುಟ್ಟ ಪ್ರಾಣಿ ಪೈಕಾ. ಅದನ್ನು ನೋಡಬೇಕೆಂದರೆ ಬಿಸಿಲೇರುವ ಮುಂಚೆ ಬರಬೇಕು, ಇಲ್ಲವೇ ಇಳಿಹೊತ್ತಿನಲ್ಲಿ. ಮೈಯ ಉಷ್ಣತೆ ಮೊದಲೇ ಹೆಚ್ಚು, ಮೇಲೆ ದಟ್ಟ ತುಪ್ಪಳ, ಸೆಕೆ ತಡೆಯದು. ಬಿಸಿಲಾದರೆ ಕಲ್ಲುಗಳ ಸಂದಿಯೊಳಗೆ ತಂಪು. ಚಳಿಗಾಲದಲ್ಲಿ ಮೇಲೆ ಹಿಮ ಕೂತಾಗ ಅಲ್ಲೇ ಹೊರಗಿಗಿಂತ ಬೆಚ್ಚಗೆ. ಹಾಗಾಗಿ ಸಡಿಲವಾಗಿ ಉರುಳಿಬಿದ್ದ ಬಂಡೆಗಳ ರಾಶಿಯೇ ಅದಕ್ಕೆ ಬೇಕು. ಮಣ್ಣು ತುಂಬಿ ಸಂದಿ ಮುಚ್ಚಿಹೋದ ಕಡೆ ಹುಡುಕಿ ಪ್ರಯೋಜನವಿಲ್ಲ.

ಮೊದಲು ಸಿಕ್ಕಿದ್ದು ಹಿಕ್ಕೆ. ಮೆಣಸಿನ ಕಾಳಿನಷ್ಟೇ, ದುಂಡಗೆ, ಒಂದು ಬಂಡೆಯಡಿ ಗುಡ್ಡೆಯಾಗಿ ಬಿದ್ದಿತ್ತು. ಮೇಲಿನವು ಇನ್ನೂ ಹಸಿ. ಅಲ್ಲೇ ಸ್ವಲ್ಪ ದೂರದಲ್ಲಿ ಕದಲದೆ ಕೂತೆ.

ತುಂಬ ಹೊತ್ತಿನ ಮೇಲೆ ಬಂತು. ರಾಯ್ಲ್ ಪೈಕಾ ಎಂಬ ಜಾತಿ. ತಲೆ, ಹೆಗಲು ಕೆಂಗಂದು, ಬೆನ್ನು ಬೂದು, ದುಂಡು ಕಿವಿ, ಉದ್ದ ಮೀಸೆ, ಬಾಲ ಕಾಣುವುದೇ ಇಲ್ಲ. ಇಲಿ ಅಂದುಕೊಂಡು ದಾಟಿಹೋಗುವವರೇ ಹೆಚ್ಚು, ಆದರೆ ಇದು ಮೊಲದ ಬಳಗ. ಮೇಲಿನ ಬಾಚಿಹಲ್ಲುಗಳ ಹಿಂದೆ ಇನ್ನೊಂದು ಪುಟ್ಟ ಜೋಡಿ ಇರುವುದು ಮೊಲಕ್ಕೂ ಪೈಕಾಗೂ ಮಾತ್ರ, ಇಲಿಗಿಲ್ಲ. ದುರ್ಬೀನಿನಲ್ಲಿ ಹಲ್ಲು ಕಾಣಲಿಲ್ಲ, ತಿನ್ನುವ ಬಗೆ ಮಾತ್ರ ಚೆನ್ನಾಗಿ ಕಂಡಿತು. ಅಳಿಲಿನ ಹಾಗೆ ಮುಂಗಾಲಲ್ಲಿ ಹಿಡಿದು ತಿನ್ನುವುದಿಲ್ಲ. ಎಲೆಯ ತೊಟ್ಟು ಕತ್ತರಿಸಿ ಬಾಯಲ್ಲಿಟ್ಟು, ದವಡೆಯನ್ನು ಅಡ್ಡಡ್ಡ ಆಡಿಸುತ್ತ ಹೋದಂತೆ ಎಲೆ ತಾನಾಗಿ ಒಳಗೆ ಸರಿಯಿತು. ಕೊನೆಯ ತುದಿ ಮೂಗಿನ ಕೆಳಗೆ ನಡುಗುತ್ತ ಮಾಯವಾಯಿತು. ಆಮೇಲೆ ಕಲ್ಲು ಹತ್ತಿ ಸುತ್ತ ನೋಡಿತು. ಮತ್ತೆ ಇಳಿಯಿತು, ಇನ್ನೊಂದು ಎಲೆ. ಸಂದಿಯಿಂದ ನಾಲ್ಕು ನೆಗೆತಕ್ಕಿಂತ ಆಚೆ ಹೋಗಲೇ ಇಲ್ಲ. ಮೇಲಿಂದ ಗಿಡುಗ ಎರಗಿದರೆ ಅಷ್ಟು ಎಚ್ಚರ ಸಾಕಾದೀತು. ವೀಸಲ್ ಬಂದರೆ ಕಷ್ಟ, ಆ ಸಪೂರ ಬೇಟೆಗಾರ ಸಂದಿಯೊಳಗೂ ನುಗ್ಗುತ್ತದೆ.

ಉತ್ತರ ಅಮೆರಿಕದ ಪೈಕಾ ಬೇಸಿಗೆಯಿಡೀ ಹುಲ್ಲು ಕೊಯ್ದು ಬಣವೆ ಹಾಕುತ್ತದೆ. ಇದಕ್ಕೆ ಕೂಡಿಡುವ ಗೀಳು ಅಷ್ಟಿಲ್ಲ. ಚಳಿಗಾಲದ ದೀರ್ಘನಿದ್ದೆಯಂತೂ ಎರಡಕ್ಕೂ ಇಲ್ಲ. ಹಿಮದಡಿಯಲ್ಲಿ ತಿಂಗಳುಗಟ್ಟಲೆ ಎಚ್ಚರವಾಗಿಯೇ ಬದುಕುವ ಈ ಪುಟ್ಟ ಜೀವವನ್ನು ಕಂಡರೆ ನನಗೆ ನಿಜವಾಗಿ ಗೌರವ.

ಎಂಟರ ಹೊತ್ತಿಗೆ ದಾರಿಯಲ್ಲಿ ಜನ. ಯಾರೋ ಬಿಸ್ಕತ್ತಿನ ತುಂಡೆಸೆದರು. ಪೈಕಾ ಓಡಿಹೋಗಲಿಲ್ಲ, ಮೂಸಲು ಬಂತು. ನನಗೆ ಬೇಸರವಾಗಿದ್ದು ಅದಕ್ಕೇ. ಎಲೆ, ಹುಲ್ಲು ಅರಗಿಸಿಕೊಳ್ಳಲು ಆದ ಹೊಟ್ಟೆಗೆ ಸಕ್ಕರೆ, ಮೈದಾ ಯಾಕೆ? ಹತ್ತಿರ ಹೋಗಿ ಬೇಡ ಅಂದೆ, ಅವರು ನಿಲ್ಲಿಸಿದರು. ನಾಳೆ ದಾರಿಯಿಂದ ದೂರದ, ಜನ ಸುಳಿಯದ ರಾಶಿಯಲ್ಲಿ ಕೂತು, ಅಲ್ಲಿನವು ಮನುಷ್ಯರನ್ನು ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತವೆ ನೋಡಬೇಕು.