ಕೊಲೆಗೆ ದಾವಣಗೆರೆಯಲ್ಲಿ ಒಂದು ಕಲ್ಯಾಣ ಮಂಟಪ ಸಿಗಲಿಲ್ವಾ?

"ಅಲ್ಲ ಮೇಡಂ, ಕೊಲೆ ಮಾಡ್ಸಾಕೆ ನಿಮಗೆ ದಾವಣಗೆರ್ಯಾಗೆ ಒಂದು ಕಲ್ಯಾಣ ಮಂಟಪ ಸಿಗಲಿಲ್ವಾ? ರೆಸಾರ್ಟೇ ಬೇಕಿತ್ತಾ?"

ನನ್ನ ಕಾದಂಬರಿ ಓದಿದವರು, ಓದದವರು, ಓದಿದ್ದೀನಿ ಅಂತ ಸುಳ್ಳು ಹೇಳುವವರು, ಎಲ್ಲರೂ ಕೇಳುವುದು ಇದನ್ನೇ. ಟ್ಯೂಷನ್ನಿಗೆ ಮಗನನ್ನು ಬಿಡಲು ಬಂದವರು ಸ್ಕೂಟರ್ ಆಫ್ ಮಾಡದೆ ಗೇಟಿನಲ್ಲೇ ಕೇಳಿದ್ದಾರೆ. ಬೆಣ್ಣೆದೋಸೆ ಹೋಟೆಲಿನಲ್ಲಿ ಎದುರು ಕೂತವರೊಬ್ಬರು ಚಟ್ನಿ ಹಾಕಿಸಿಕೊಳ್ಳುತ್ತಾ ಕೇಳಿದ್ದಾರೆ. ಪ್ರಶ್ನೆಯಲ್ಲಿ ಸ್ವಲ್ಪ ಮುನಿಸೂ ಇದೆ. ರೆಸಾರ್ಟ್ ಮದುವೆ ಅಂದರೆ ನಮ್ಮ ಕಡೆ ಇನ್ನೂ ದುಡ್ಡಿನವರ ಷೋಕಿ. ಹಾಗಾಗಿ ನಾನು ಊರು ಬಿಟ್ಟು ಬೆಂಗಳೂರಿನವರನ್ನು ಮೆಚ್ಚಿಸಲು ಹೊರಟೆ ಎಂಬ ಗುಮಾನಿ.

ಓದದವರಿಗೆ ಕಥೆ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಹಿರಿಯೂರಿನ ಆಚೆ ವೇದಾವತಿಗೆ ಸೇರುವ ಒಂದು ಹಳ್ಳ, ಹಳ್ಳದ ಆ ದಡದಲ್ಲೊಂದು ರೆಸಾರ್ಟ್. (ಹುಡುಕಿಕೊಂಡು ಹೋಗಬೇಡಿ, ಕಟ್ಟಿಸಿದವಳು ನಾನೇ, ಹಾಳೆಯ ಮೇಲೆ.) ಬೆಳಿಗ್ಗೆ ಮುಹೂರ್ತ, ಹಿಂದಿನ ರಾತ್ರಿ ಆರತಕ್ಷತೆ. ಮಳೆಗೆ ಹಳ್ಳದ ಸೇತುವೆ ಮುಳುಗುತ್ತದೆ. ಬೆಳಗಿನ ಜಾವ ಮದುಮಗಳ ಸೋದರಮಾವ ಹೆಣವಾಗಿ ಸಿಗುತ್ತಾನೆ. ಒಳಗಿದ್ದವರು 41 ಜನ. ಕೊಂದವರು ಅವರಲ್ಲೇ ಒಬ್ಬರು.

ಇಂಥ ಕಥೆಗೆ ಬಂಡವಾಳ ಒಂದೇ: ಬಾಗಿಲು ಮುಚ್ಚಿರಬೇಕು. ದ್ವೀಪವಾಗಲಿ, ಹಿಮದಲ್ಲಿ ಸಿಕ್ಕಿಕೊಂಡ ರೈಲಾಗಲಿ, ಯಾರೂ ಹೊರಗಿನಿಂದ ಬಂದಿಲ್ಲ, ಯಾರೂ ಹೊರಗೆ ಹೋಗಿಲ್ಲ ಅಂತ ಓದುವವರಿಗೆ ಖಾತ್ರಿಯಾಗಬೇಕು. ಆಮೇಲೆಯೇ ಪಕ್ಕದಲ್ಲಿ ಕೂತು ಪಾಯಸ ಸುರಿಯುತ್ತಿರುವವನ ಮೇಲೆ ಕಣ್ಣು ಬೀಳುವುದು.

ಈಗ ನಮ್ಮೂರಿನ ಯಾವುದಾದರೂ ಮಂಟಪ ನೆನಪಿಸಿಕೊಳ್ಳಿ. ಬಾಗಿಲು ಮುಚ್ಚಿದ್ದನ್ನು ಯಾರಾದರೂ ನೋಡಿದ್ದೀರಾ? ಲಗ್ನಪತ್ರಿಕೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಕರೆಯುವವರ ಹೆಸರುಗಳೇ ಒಂದು ಪುಟ ಇರುತ್ತವೆ, ಅಜ್ಜಂದಿರಿಂದ ಹಿಡಿದು ಇನ್ನೂ ಹಲ್ಲು ಬಾರದ ಮೊಮ್ಮಕ್ಕಳವರೆಗೆ. ಕರೆಸಿಕೊಂಡವರಿಗೆ ಕವರಿನ ಮೇಲೆ ಅರ್ಧ ಸಾಲು, ಹೆಸರು ಬರೆದು "ಮತ್ತು ಕುಟುಂಬದವರು". ಒಳಗೆ "ಸಕುಟುಂಬ ಸಪರಿವಾರ ಸಮೇತರಾಗಿ". ಪರಿವಾರ ಅಂದರೆ ಎಷ್ಟು ಜನ? ಅದು ಗೊತ್ತಾಗುವುದು ಊಟ ಮುಗಿದ ಮೇಲೆ, ಅಡುಗೆಯವರು ಲೆಕ್ಕ ಚುಕ್ತಾ ಮಾಡಲು ಕೂತಾಗ. "ಎಷ್ಟು ಎಲೆ ಬಿತ್ತು?" ಅಂತ ಕೇಳುತ್ತಾರೆ. 1200 ಅನ್ನುತ್ತಾರೆ, 1500 ಅನ್ನುತ್ತಾರೆ. ಎಲೆಗೆ ಹೆಸರಿರುವುದಿಲ್ಲ.

ನಮ್ಮ ಚಿಕ್ಕಪ್ಪನ ಮಗಳ ಮದುವೆ ಆಲ್ಬಮ್ಮಿನಲ್ಲಿ ಸಫಾರಿ ಹಾಕಿದ ಒಬ್ಬರು ಇದ್ದಾರೆ. ವೇದಿಕೆ ಹತ್ತಿ, ಅಕ್ಕಿಕಾಳು ಹಾಕಿ, ಗಂಡು ಹೆಣ್ಣಿನ ನಡುವೆ ನಿಂತು ಫೋಟೋ ತೆಗೆಸಿಕೊಂಡಿದ್ದಾರೆ. ಯಾರು ಅಂತ ಇವತ್ತಿಗೂ ಪತ್ತೆಯಿಲ್ಲ. ನಾವು ಗಂಡಿನ ಕಡೆಯವರು ಅಂದುಕೊಂಡೆವು, ಅವರು ಹೆಣ್ಣಿನ ಕಡೆಯವರು ಅಂದುಕೊಂಡರು. ಕೊಲೆಗಾರನಿಗೆ ಇದಕ್ಕಿಂತ ಒಳ್ಳೆ ಜಾಗ ಸಿಗಲಿಕ್ಕಿಲ್ಲ, ಕಾದಂಬರಿ ಬರೆಯುವವಳಿಗೆ ಇದಕ್ಕಿಂತ ಕೆಟ್ಟ ಜಾಗವೂ ಇಲ್ಲ. 1500 ಜನರಲ್ಲಿ ಒಬ್ಬ ಅಪರಿಚಿತ ಬಂದು ಕೊಂದು, ಎರಡು ಹೋಳಿಗೆ ತಿಂದು, ತಾಂಬೂಲದ ಚೀಲ ಇಸಕೊಂಡು ಹೋದ ಅಂತ ಬರೆದರೆ ನಡೆದದ್ದಕ್ಕೆ ಹತ್ತಿರವಿರಬಹುದು, ಆದರೆ ಓದಿದವರು ಪುಸ್ತಕ ನನ್ನ ತಲೆಗೇ ಎಸೆಯುತ್ತಾರೆ.

ಹಾಗಂತ ಮಂಟಪದಲ್ಲಿ ಪ್ರಯತ್ನ ಮಾಡದೆ ಬಿಡಲಿಲ್ಲ. ಮೊದಲ ಕರಡು ಮಂಟಪದಲ್ಲೇ ಶುರುವಾಗಿತ್ತು, 60 ಪುಟ ಬರೆದು ಹರಿದೆ. ಊಟದಲ್ಲಿ ವಿಷ ಅಂತ ಯೋಚಿಸಿದ್ದೆ. ಪಂಕ್ತಿ ಊಟದಲ್ಲಿ ಅದು ಆಗುವ ಮಾತಲ್ಲ. ಒಂದೇ ಬಕೆಟ್ಟಿನ ಸಾರು ಸಾಲಿನ ಉದ್ದಕ್ಕೂ ಬೀಳುತ್ತದೆ. ಯಾವ ಎಲೆಯ ಮುಂದೆ ಯಾರು ಕೂರುತ್ತಾರೆ ಅಂತ ಬ್ರಹ್ಮನಿಗೂ ಗೊತ್ತಿಲ್ಲ, ಹಿಂದೆ ಕುರ್ಚಿ ಹಿಡಿದು ನಿಂತವರು ಮೊಸರನ್ನಕ್ಕೆ ಮುಂಚೆಯೇ ಎಬ್ಬಿಸುತ್ತಾರೆ. ನಮ್ಮ ಪಂಕ್ತಿಯಲ್ಲಿ ಕೊಂದರೆ ಎಲ್ಲರನ್ನೂ ಕೊಲ್ಲಬೇಕು, ಇಲ್ಲ ಯಾರನ್ನೂ ಇಲ್ಲ.

ಆದರೆ ರೆಸಾರ್ಟಿಗೆ ಹೋಗಲು ಇನ್ನೊಂದು ಕಾರಣವೂ ಇತ್ತು. ಅದನ್ನು ಗೇಟಿನಲ್ಲಿ ನಿಂತು ಹೇಳಲು ಬರುವುದಿಲ್ಲ, ಇಲ್ಲಿ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಬಳಗದ ಒಂದು ಮದುವೆಯಲ್ಲಿ ಮದುಮಗಳ ಎರಡೆಳೆ ಸರ ಕಾಣೆಯಾಯಿತು. ಮುಹೂರ್ತ ಮುಗಿದಿತ್ತು, ಸೀರೆ ಬದಲಿಸುವ ಗಡಿಬಿಡಿ. ಮದುಮಗಳ ಕೋಣೆಗೆ ಬೆಳಿಗ್ಗೆಯಿಂದ ಯಾರು ಯಾರು ಬಂದು ಹೋದರು ಅಂತ ಒಬ್ಬರಿಗೂ ಹೇಳಲು ಬರಲಿಲ್ಲ. ಅತ್ತೆಯರು, ಗೆಳತಿಯರು, ಬ್ಯೂಟಿಷಿಯನ್ ಹುಡುಗಿ, ಹೂವಿನವನು, ಬಾತ್‌ರೂಮ್ ಹುಡುಕಿಕೊಂಡು ಬಂದ ಇಪ್ಪತ್ತು ಜನ. ಐದು ನಿಮಿಷದೊಳಗೆ ಹಿರಿಯರೊಬ್ಬರು ತೀರ್ಮಾನ ಮಾಡಿಬಿಟ್ಟರು: "ಹಿಂದೆ ಮುಸುರೆ ತಿಕ್ಕೋರ ಚೀಲ ನೋಡ್ರೀ." ಮೂವರು ಹೆಂಗಸರು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದು ಚೀಲ ಬಗ್ಗಿಸಿದರು. ಒಬ್ಬಾಕೆಯ ಚೀಲದಲ್ಲಿ ಪ್ಲಾಸ್ಟಿಕ್ ಕವರಿಗೆ ತುಂಬಿ ಗಂಟು ಹಾಕಿದ ಮೊಸರನ್ನ, ಒಂದು ಜೊತೆ ಮಕ್ಕಳ ಸಾಕ್ಸು. ಅಷ್ಟೇ. ಮದುಮಗಳ ಕೋಣೆಗೂ ಅವರು ಕೂತ ಕಲ್ಲಿಗೂ ನಡುವೆ ಇಡೀ ಊಟದ ಹಾಲ್ ಇತ್ತು. ಅದನ್ನು ಯಾರೂ ಯೋಚಿಸಲಿಲ್ಲ. ನಾನೂ ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ.

ಸರ ಮಾರನೇ ದಿನ ಸಿಕ್ಕಿತು. ಉಡಿ ತುಂಬಿದ ಅಕ್ಕಿ, ಕೊಬ್ಬರಿ ಬಟ್ಟಲಿನ ಜೊತೆ ಕುಬುಸದ ಕಣದೊಳಗೆ ಸೇರಿಕೊಂಡಿತ್ತು. ಆ ಮೂವರಿಗೆ ಹೇಳಿಕಳಿಸೋಣ ಅಂದೆ. "ಅವರು ಯಾರು ಅಂತ ಯಾರಿಗೆ ಗೊತ್ತು, ಎಲ್ಲಿ ಅಂತ ಹುಡುಕ್ತೀಯ" ಅಂದರು ಮದುವೆ ಮನೆಯವರು.

1928ರಲ್ಲಿ ವ್ಯಾನ್ ಡೈನ್ ಎಂಬ ಅಮೆರಿಕದ ಬರಹಗಾರ ಪತ್ತೇದಾರಿ ಕಥೆಗೆ ಇಪ್ಪತ್ತು ನಿಯಮ ಹಾಕಿಟ್ಟ. ಅದರಲ್ಲೊಂದು, ಮನೆಯ ಆಳನ್ನು ಅಪರಾಧಿ ಮಾಡಕೂಡದು ಅಂತ. ಕಾರಣ ಕರುಣೆಯಲ್ಲ. ಆಳನ್ನು ಕೊಲೆಗಾರ ಮಾಡುವುದು ತೀರಾ ಸುಲಭ, ಓದಿದವರಿಗೆ ಮೋಸ ಮಾಡಿದಂತೆ, ಸಾಮಾನ್ಯವಾಗಿ ಅನುಮಾನಕ್ಕೆ ಸಿಗದ ಘನಸ್ಥರೇ ಆಗಬೇಕು ಎಂಬುದು ಅವನ ವಾದ. ಓದಿದಾಗ ನಗು ಬಂತು. ನಮ್ಮ ಮದುವೆಗಳಲ್ಲಿ ಅನುಮಾನ ಶುರುವಾಗುವುದೇ ಹಿಂಬಾಗಿಲಿನಿಂದ.

ಅದಕ್ಕೇ ನನಗೊಂದು ಪಟ್ಟಿ ಬೇಕಿತ್ತು. ರೆಸಾರ್ಟಿನಲ್ಲಿ ಪಟ್ಟಿ ಇರುತ್ತದೆ: ಇಂಥ ರೂಮಿಗೆ ಇಂಥವರು, ಆಧಾರ್ ಝೆರಾಕ್ಸ್ ಸಮೇತ. ಅದರಲ್ಲಿ ನೆಂಟರು ಮಾತ್ರ ಇರುತ್ತಾರೆ, ಅದು ಬೇರೆ ಮಾತು. ನಾನು ಎರಡನೇ ಪಟ್ಟಿ ಬರೆದೆ. ಅಡುಗೆಯವರು, ವಾಲಗದವರು, ಡ್ರೋನ್ ಹಾರಿಸುವ ಹುಡುಗ, ಮುಸುರೆಯವರು, ಎಲ್ಲ ಸೇರಿ 41. ಎಲ್ಲರೂ ಒಂದೇ ನೀರಿನ ಒಳಗೆ.

ಆ ನೀರಿನದೂ ಒಂದು ಕಥೆಯಿದೆ. ಚಿತ್ರದುರ್ಗ ಜಿಲ್ಲೆಯಲ್ಲಿ ಮಳೆ ಬಂದು ದಾರಿ ಕಟ್ಟಾಯಿತು ಅಂತ ಬರೆದರೆ ಹೊಳಲ್ಕೆರೆಯವರಿಂದ ಚಳ್ಳಕೆರೆಯವರವರೆಗೆ ಎಲ್ಲರೂ ನಗುತ್ತಾರೆ. ಆದರೆ 2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ಹತ್ತಿರದ ಮಾರಿಕಣಿವೆ (ವಾಣಿವಿಲಾಸ ಸಾಗರ) ಜಲಾಶಯ ಕೋಡಿ ಬಿತ್ತಲ್ಲ, 1933ರ ನಂತರ ಮೊದಲ ಸಲ, 89 ವರ್ಷಕ್ಕೆ. ಜನ ಬಸ್ಸು ಟ್ರ್ಯಾಕ್ಟರು ಮಾಡಿಕೊಂಡು ನೋಡಲು ಹೋದರು, ನಾನೂ ಹೋಗಿದ್ದೆ. ವಾಪಸ್ ಬರುವಾಗಲೇ ಕಥೆ ಸಿಕ್ಕಿತು ಅನ್ನಿಸಿತು. ಮದುವೆಯನ್ನು ಅದೇ ವಾರಕ್ಕೆ ಇಟ್ಟು ನಾಲ್ಕು ಅಧ್ಯಾಯ ಬರೆದು ದೊಡ್ಡಮ್ಮನಿಗೆ ಓದಿ ಹೇಳಿದೆ. ದೊಡ್ಡಮ್ಮ ಹೆಣದ ಬಗ್ಗೆ ಒಂದು ಮಾತೂ ಆಡಲಿಲ್ಲ. "ಗಣೇಶನ ಹಬ್ಬ ಆದಮೇಲೆ ಯಾರವ್ವ ಮದುವೆ ಇಡ್ತಾರೆ? ಭಾದ್ರಪದ ಅದು, ಮುಂದೆ ಪಿತೃಪಕ್ಷ. ನಿನಗೆ ಪಂಚಾಂಗ ನೋಡಾಕೆ ಬರಲ್ವಾ?" ಅಂದರು.

ಸರಿಯಾದ ಮಾತು. ನಮ್ಮಲ್ಲಿ ಮಳೆಯ ತಿಂಗಳು, ಮುಹೂರ್ತದ ತಿಂಗಳು ಕೂಡಿ ಬರುವುದೇ ಅಪರೂಪ. ಆಷಾಢದಲ್ಲಿ ಮದುವೆಯಿಲ್ಲ, ಭಾದ್ರಪದದಲ್ಲಿ ಇಲ್ಲ. ನಡುವೆ ಶ್ರಾವಣ ಒಂದು ಉಳಿಯಿತು. ಮಾರಿಕಣಿವೆಯ ಕೋಡಿಯನ್ನು ಕೈಬಿಟ್ಟು, ಹೆಸರಿಲ್ಲದ ಹಳ್ಳಕ್ಕೆ ಶ್ರಾವಣದ ಒಂದು ರಾತ್ರಿ ನೀರು ಹರಿಸಿದೆ.

ಫೋನು ಏನು ಮಾಡಿದಿರಿ ಅಂತಲೂ ಕೇಳುತ್ತಾರೆ. ಏನೂ ಮಾಡಲಿಲ್ಲ. ಈ ಕಾಲದಲ್ಲಿ ಟವರ್ ಬಿತ್ತು ಅಂದರೆ ಯಾರು ನಂಬುತ್ತಾರೆ? ನನ್ನ ಕಥೆಯಲ್ಲಿ 112ಕ್ಕೆ ಕರೆ ಹೋಗುತ್ತದೆ, ಪೊಲೀಸರೂ ಬರುತ್ತಾರೆ, ಬಂದು ಆಚೆ ದಡದಲ್ಲಿ ಜೀಪಿನ ಲೈಟು ಹಾಕಿಕೊಂಡು ನಿಲ್ಲುತ್ತಾರೆ. ಇನ್‌ಸ್ಪೆಕ್ಟರ್ ಫೋನಿನಲ್ಲಿ "ಯಾರೂ ಏನೂ ಮುಟ್ಟಬ್ಯಾಡ್ರಿ" ಅನ್ನುತ್ತಲೇ ಇರುತ್ತಾರೆ, ಇಲ್ಲಿ ಎಲ್ಲರೂ ಮುಟ್ಟುತ್ತಲೇ ಇರುತ್ತಾರೆ. ನೀರು ಇಳಿದ ಮೇಲೆ ಶವ ಮಹಜರಿಗೆ ನೆರೆಹೊರೆಯ ಇಬ್ಬರು ಪಂಚರು, ಅಂದರೆ ಸಾಕ್ಷಿಗಳು, ಬೇಕು. ಸುತ್ತ ನೆರೆಹೊರೆಯೇ ಇಲ್ಲ, ಇರುವವರೆಲ್ಲ ಅನುಮಾನಿತರು. ಆ ಅಧ್ಯಾಯ ಬರೆಯುವಾಗ ಸಿಕ್ಕ ಖುಷಿ ಬೇರೆಲ್ಲೂ ಸಿಗಲಿಲ್ಲ. (ಶವ ಮಹಜರಿಗೆ ಹಳೇ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಸೆಕ್ಷನ್ ಯಾಕೆ ಹಾಕಿದಿರಿ ಅಂತ ವಕೀಲರೊಬ್ಬರು ಕೇಳಿದ್ದರು. ಕಥೆ 2022ರದು ಸಾರ್, ಹೊಸ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ಕ್ಕೆ.)

"ಹಂಗಾದ್ರೆ ಕೋಟೆಯೊಳಗೇ ಇಡಬಹುದಿತ್ತಲ್ಲ, ಏಳು ಸುತ್ತು ಐತೆ" ಅನ್ನುವ ದುರ್ಗದವರೂ ಇದ್ದಾರೆ. ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ 1929ರಲ್ಲಿ ಬರೆದ ಹತ್ತು ಕಟ್ಟಳೆಗಳ ಪ್ರಕಾರ ಕಥೆಯಲ್ಲಿ ಗುಟ್ಟಿನ ದಾರಿ ಒಂದಕ್ಕಿಂತ ಹೆಚ್ಚು ಇರಬಾರದು. ದುರ್ಗದಲ್ಲಿ ಒಂದೇನೋ ಇದೆ, ಆದರೆ ಅದು ನಾಲ್ಕನೇ ಕ್ಲಾಸಿನ ಮಗುವಿಗೂ ಗೊತ್ತು. ಶಾಲೆ ಪ್ರವಾಸಕ್ಕೆ ಹೋದವರೆಲ್ಲ ಆ ಕಿಂಡಿಯೊಳಗೆ ತಲೆ ತೂರಿಸಿ ಬಂದವರೇ. ಗಂಡ ಊಟಕ್ಕೆ ಕೂತಿದ್ದಾಗ ಹೈದರನ ಸೈನಿಕರು ಒಬ್ಬೊಬ್ಬರಾಗಿ ನುಸುಳಿದ್ದು, ಓಬವ್ವ ಒನಕೆ ಹಿಡಿದು ನಿಂತದ್ದು ಎಲ್ಲರಿಗೂ ಬಾಯಿಪಾಠ. ಅಲ್ಲಿ ಕೊಂದವರು ಯಾರು ಎಂಬುದು ಪ್ರಶ್ನೆಯೇ ಅಲ್ಲ.

ಕೊನೆಗೆ ನನ್ನ ಪಟ್ಟಿಗೆ ಬರುತ್ತೇನೆ. ರೆಸಾರ್ಟಿಗೆ ಹೋದರೂ ಮಂಟಪದಿಂದ ಒಂದು ವಸ್ತುವನ್ನು ಕದ್ದುಕೊಂಡು ಹೋಗಿದ್ದೇನೆ, ಅದನ್ನು ಯಾರೂ ಗುರುತಿಸಲಿಲ್ಲ ಅಂತ ಸ್ವಲ್ಪ ಬೇಜಾರು. ಅದು ಮುಯ್ಯಿ ಪುಸ್ತಕ.

ರೆಸಾರ್ಟ್ ಮದುವೆಯ ಕಾರ್ಡಿನಲ್ಲಿ "ನಿಮ್ಮ ಆಶೀರ್ವಾದವೇ ಉಡುಗೊರೆ" ಅಂತ ಹಾಕಿರುತ್ತಾರೆ. ನನ್ನ ಕಥೆಯಲ್ಲಿ ಗಂಡಿನ ದೊಡ್ಡಪ್ಪ ಅದಕ್ಕೆ ಒಪ್ಪುವುದಿಲ್ಲ. "ನಾವು ಐವತ್ತು ವರ್ಷದಿಂದ ಹಾಕಿದ ಮುಯ್ಯಿ ವಾಪಸ್ ಬರಬೇಕಲ್ಲ" ಅಂತ ಬಾಗಿಲಲ್ಲಿ ಟೇಬಲ್ ಹಾಕಿಸಿಕೊಂಡು, ಇನ್ನೂರು ಪುಟದ ನೋಟ್‌ಬುಕ್ಕಿನ ಮೊದಲ ಹಾಳೆಗೆ ಅರಿಶಿನ ಕುಂಕುಮ ಹಚ್ಚಿ, "ಶ್ರೀ" ಬರೆದು ಕೂರುತ್ತಾರೆ. ಹೆಸರು, ಊರು, ಮೊತ್ತ. ಬಂದವರು ಬಂದ ಸರದಿಯಲ್ಲೇ ಬರೆಯುತ್ತಾರೆ. ಹೊತ್ತು ಗೊತ್ತಿಲ್ಲದಿದ್ದರೂ ಹಿಂದೆ ಮುಂದೆ ಯಾರು ಅಂತ ಆ ಪುಸ್ತಕಕ್ಕೆ ಗೊತ್ತು.

ಒಂಬತ್ತನೇ ಅಧ್ಯಾಯದಲ್ಲಿ ಆ ಪುಸ್ತಕದ ಮೂರನೇ ಪುಟ ತೆರೆಯುತ್ತದೆ. ಮೇಲೆ 1001, 501, 2001 ಸಾಲುಗಳು. ನಡುವೆ ಮುಸುರೆ ತಿಕ್ಕುವ ಒಬ್ಬಾಕೆಯ ಹೆಸರು, 51 ರೂಪಾಯಿ. ದೊಡ್ಡಪ್ಪನ ಊರಿನವಳೇ ಆಕೆ, ಹಾಗಾಗಿ ಬರೆಸಿದ್ದಾಳೆ. ಅಂಕಿಯ ಮೇಲೆ ಒದ್ದೆ ಹೆಬ್ಬೆರಳಿನ ಗುರುತು, ಶಾಯಿ ಸ್ವಲ್ಪ ಹರಡಿದೆ. ಆಕೆ ಕೆಲಸ ಬಿಟ್ಟು ಎದ್ದದ್ದು ಕರೆಂಟ್ ಹೋದ ಮೇಲೆ. ಜನರೇಟರ್ ಓಡುತ್ತಿದ್ದದ್ದು ರೂಮುಗಳಿಗೂ ವೇದಿಕೆಗೂ ಮಾತ್ರ, ಬೋರ್‌ವೆಲ್ ಮೋಟರಿಗೆ ಆ ಲೈನ್ ಇರಲಿಲ್ಲ, ಪಾತ್ರೆ ತೊಳೆಯುವ ಕಲ್ಲಿನ ಹತ್ತಿರದ ನಲ್ಲಿ ನಿಂತುಹೋಯಿತು. ನೀರಿಲ್ಲದೆ ಆಕೆ ಕೈ ಒರೆಸಿಕೊಂಡು ಬಂದು ಮುಯ್ಯಿ ಬರೆಸಿದಳು. ಆಕೆಯ ಕೆಳಗಿನ ಸಾಲಿನಲ್ಲಿ ಇನ್ನೊಂದು ಹೆಸರಿದೆ, 5001. ಆ ದೊಡ್ಡಮನುಷ್ಯರು ಕರೆಂಟ್ ಹೋಗುವುದಕ್ಕೆ ಮುಂಚೆಯೇ ಮುಯ್ಯಿ ಕೊಟ್ಟು ಮಲಗಿದೆ ಅಂತ ಎಲ್ಲರೆದುರು ಹೇಳಿದವರು.

ಇಷ್ಟು ಹೇಳಿದರೆ ಪುಸ್ತಕ ಕೆಡುವುದಿಲ್ಲ, ಅವರು ಕೊಲೆ ಮಾಡಿಲ್ಲ. ಸುಳ್ಳು ಹೇಳಿದ್ದು ಬೇರೆ ಕಾರಣಕ್ಕೆ. ಆದರೆ ಇನ್‌ಸ್ಪೆಕ್ಟರ್ ಹಳ್ಳ ದಾಟಿ ಬಂದ ಕೂಡಲೇ ಮೊದಲು ತಪಾಸಣೆ ಮಾಡಿಸುವುದು ಅವರ ಸೂಟ್‌ಕೇಸನ್ನು. 51 ರೂಪಾಯಿ ಕೊಟ್ಟಾಕೆ ಬಾಗಿಲ ಹತ್ತಿರ ನಿಂತು ನೋಡುತ್ತಾಳೆ.