ಯೆಜ್ಡಿ ಇಂಜಿನ್ ಬಿಚ್ಚಿಸುವಾಗ ದುಡ್ಡು ಎಲ್ಲಿ ಹಾಕಬೇಕು

ಯೆಜ್ಡಿ ಬೈಕು ತಯಾರಿಸುತ್ತಿದ್ದ, ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು, ಅಲ್ಲಿ ತಯಾರಾದ ಗಾಡಿಗಳು ಮಾತ್ರ ಮೈಸೂರಲ್ಲಿ ಇನ್ನೂ ಓಡುತ್ತಿವೆ. ಇಂಜಿನ್ ಕೆಲಸಕ್ಕೆ ಬಿಟ್ಟವರು ಮೊದಲು ಕೇಳೋದು ಸಿಡಿಐ (ಎಲೆಕ್ಟ್ರಾನಿಕ್ ಇಗ್ನಿಷನ್) ಹಾಕಿಸಲಾ, ಬೇರೆ ಕಾರ್ಬೊರೇಟರ್ ಕೂರಿಸಲಾ ಅಂತ. ಅವೆರಡೂ ಆಮೇಲಿನ ಮಾತು. ಯೆಜ್ಡಿಯಂಥ ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಪೆಟ್ರೋಲ್-ಗಾಳಿ ಮೊದಲು ಹೋಗೋದು ಕ್ರ್ಯಾಂಕ್ ಕೇಸ್‌ಗೆ, ಅಂದರೆ ಕ್ರ್ಯಾಂಕ್ ತಿರುಗುವ ಕೆಳಗಿನ ಪೆಟ್ಟಿಗೆಗೆ. ಅಲ್ಲಿ ಸಣ್ಣ ಸಂದಿಯಿಂದ ಗಾಳಿ ಎಳೆದರೂ ಮಿಶ್ರಣ ಲೀನ್ ಆಗಿ (ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ) ಪಿಸ್ಟನ್ ಕಾದು ಸೀಜ್ ಆಗುತ್ತೆ, ಅಂದರೆ ಸಿಲಿಂಡರ್‌ನಲ್ಲೇ ಹಿಡಿದುಕೊಳ್ಳುತ್ತೆ. ಹಾಗಾಗಿ ಮೊದಲ ಖರ್ಚು ಕೆಳಗಿನ ಭಾಗಕ್ಕೇ.

ಕನೆಕ್ಟಿಂಗ್ ರಾಡ್ ಕಿಟ್ ಬದಲಾಯಿಸಿದ ಮೇಲೆ ಕ್ರ್ಯಾಂಕನ್ನು ಸೆಂಟರ್ ಮೇಲೆ ತಿರುಗಿಸಿ ಡಯಲ್ ಗೇಜ್ ಇಟ್ಟು ನೋಡಬೇಕು. ಓಟ (ತಿರುಗುವಾಗಿನ ಅಲುಗಾಟ) 0.03 ಮಿ.ಮೀ. ಒಳಗಿರಲಿ. ಕಣ್ಣಳತೆಯಲ್ಲೇ ಸರಿ ಮಾಡಿಕೊಡ್ತೀವಿ ಅನ್ನೋ ಲೇತ್ ಅಂಗಡಿಗೆ ದೂರದಿಂದಲೇ ನಮಸ್ಕಾರ. ಮೇನ್ ಬೇರಿಂಗ್ ಸಿ3 ಗುರುತಿನದ್ದೇ (ಒಳಸಡಿಲ ಮಾಮೂಲಿಗಿಂತ ಜಾಸ್ತಿ ಇರೋದು) ತನ್ನಿ. ಬಿಗಿಯಾಗಿ ಕೂತು, ಬಿಸಿಯೂ ಆದಾಗ ಮಾಮೂಲಿ ಬೇರಿಂಗ್‌ನ ಒಳಸಡಿಲ ಪೂರ್ತಿ ಮಾಯವಾಗುತ್ತೆ. ಕೇಸನ್ನು ಸುಮಾರು 100 ಡಿಗ್ರಿಗೆ ಬಿಸಿ ಮಾಡಿದರೆ ಬೇರಿಂಗ್ ತಾನಾಗೇ ಇಳಿಯುತ್ತೆ, ಸುತ್ತಿಗೆ ಬೇಡ. ಎರಡು ಕೇಸ್ ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಬೀಳುವ ಗೀರೇ ಮುಂದೆ ಗಾಳಿಗೆ ದಾರಿ.

ಆಯಿಲ್ ಸೀಲ್ ವಿಷಯದಲ್ಲಿ ಎಡ-ಬಲ ಒಂದೇ ಅಲ್ಲ. ಎಡಗಡೆ ಪ್ರೈಮರಿ ಚೈನ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದು ಬಿಳಿ ಹೊಗೆ ಬರುತ್ತೆ, ಆಯಿಲ್ ಮಟ್ಟ ಇಳಿಯುತ್ತೆ. ಬಲಗಡೆ ಡೈನಮೋ ಕಡೆಯದು ಹೋದರೆ ಹೊಗೆ ಇಲ್ಲ, ಸದ್ದಿಲ್ಲ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ರೇಸ್ ಬೇಗ ಇಳಿಯಲ್ಲ, ಅಷ್ಟೇ. ಸೀಜ್ ಮಾಡಿಸೋದು ಹೆಚ್ಚಾಗಿ ಇದೇ. ಎಥನಾಲ್ ಬೆರೆತ ಪೆಟ್ರೋಲ್‌ಗೆ ವೈಟಾನ್ ರಬ್ಬರ್ ಸೀಲ್ ತಡೆಯುತ್ತೆ. ಸ್ಪ್ರಿಂಗ್ ಕಾಣುವ ಮುಖ ಕ್ರ್ಯಾಂಕ್ ಕೇಸ್ ಕಡೆಗೆ ಇರಲಿ.

ಇಂಜಿನ್ ಫ್ರೇಮಿಗೆ ಏರಿಸೋ ಮೊದಲು ಲೀಕ್ ಟೆಸ್ಟ್ ಮಾಡಿ. ಇನ್‌ಲೆಟ್‌ಗೂ ಎರಡು ಎಕ್ಸಾಸ್ಟ್ ಬಾಯಿಗೂ ರಬ್ಬರ್ ಹಾಳೆ ಇಟ್ಟು ಪ್ಲೇಟ್ ಬಿಗಿಸಿ, ಒಂದರಲ್ಲಿ ಟ್ಯೂಬ್ ನಿಪ್ಪಲ್ ಹಾಕಿ. ಪಂಪ್‌ಗೆ ಹಳೇ ಬಿಪಿ ಮಷೀನ್ ಸಾಕು: ಅದರ 300ರ ಗುರುತು ಅಂದರೆ ಹತ್ತಿರ ಹತ್ತಿರ 6 ಪಿಎಸ್‌ಐ ಒತ್ತಡ. ಐದಾರು ನಿಮಿಷ ಮುಳ್ಳು ನಿಂತರೆ ಗೆದ್ದಂತೆ. ನಿಮಿಷಕ್ಕೆ 1 ಪಿಎಸ್‌ಐಗಿಂತ (ಅಂದರೆ 50ರಷ್ಟು) ಜಾಸ್ತಿ ಇಳಿದರೆ ಸೋಪ್ ನೀರು ಹಚ್ಚಿ ಗುಳ್ಳೆ ಹುಡುಕಿ. ಸ್ಪಾರ್ಕ್ ಪ್ಲಗ್ ಬುಡ, ಸಿಲಿಂಡರ್ ಕೆಳಗಿನ ಗ್ಯಾಸ್ಕೆಟ್ ಎರಡನ್ನೂ ಬಿಡಬೇಡಿ. ಕಾಸು ಕಡಿಮೆ, ಫಲ ಜಾಸ್ತಿ ಇರೋ ಕೆಲಸ ಇದೇ, ಆದರೆ ಮಾಡುವವರು ಕಮ್ಮಿ.

ಸವೆದ ಸಿಲಿಂಡರ್‌ಗೆ ಬೋರ್ ಹೊಡೆಸುವಾಗ ಪಿಸ್ಟನ್ ಕೈಯಲ್ಲಿ ಹಿಡಿದೇ ಹೋಗಿ. 65 ಮಿ.ಮೀ. ಬೋರಿಗೆ ಎರಡೂವರೆಯಿಂದ ಮೂರು ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಕ್ಲಿಯರೆನ್ಸ್. ಬೋರ್ ಆದ ಮೇಲೆ ಪೋರ್ಟ್ ಅಂಚುಗಳ ಚೂಪು ತೆಗೆಸಿ, ಇಲ್ಲದಿದ್ದರೆ ರಿಂಗ್ ಸಿಕ್ಕಿ ಮುರಿಯುತ್ತೆ.

ಪಾಯಿಂಟ್ (ಕಿಡಿಯ ಹೊತ್ತು ನಿರ್ಧರಿಸುವ ಸ್ವಿಚ್) ಗ್ಯಾಪ್ 0.4 ಮಿ.ಮೀ. ಇದ್ದು ಕಂಡೆನ್ಸರ್ ಸರಿ ಇದ್ದರೆ ಸಿಡಿಐಗೆ ಅವಸರವಿಲ್ಲ. ಪಾಯಿಂಟ್ ಹಿಮ್ಮಡಿ (ಕ್ಯಾಮ್‌ಗೆ ಉಜ್ಜುವ ತುದಿ) ಸವೆದರೆ ಗ್ಯಾಪ್ ಕಿರಿದಾಗಿ ಟೈಮಿಂಗ್ ತಡವಾಗುತ್ತೆ, ಇಂಜಿನ್ ಬೇಗ ಕಾಯುತ್ತೆ. ನೋಡಿಕೊಳ್ಳೋ ವ್ಯವಧಾನ ಇಲ್ಲದವರಿಗೆ ಸಿಡಿಐ ವಾಸಿ.

ಈಗಿನ ಇ20 ಪೆಟ್ರೋಲ್‌ಗೆ (ನೂರಕ್ಕೆ 20 ಎಥನಾಲ್ ಬೆರೆತದ್ದು) ಕಾರ್ಬೊರೇಟರ್‌ನ ಹಳೇ ಜೆಟ್ಟಿಂಗ್ ಲೀನ್ ಆಗುತ್ತೆ. ಮೇನ್ ಜೆಟ್ (ಪೆಟ್ರೋಲ್ ಹರಿಯುವ ತೂತು) ಒಂದು ಸೈಜ್ ದೊಡ್ಡದು ಹಾಕಿ, ಚಾಮುಂಡಿ ಬೆಟ್ಟ ಒಂದು ಸಲ ಹತ್ತಿಸಿ ಪ್ಲಗ್ ಬಣ್ಣ ನೋಡಿ. ಬೆಳ್ಳಗಿದ್ದರೆ ಇನ್ನೂ ಲೀನ್, ಕಂದು ಸರಿ. ಬೈಕುಗಳಿಗೆ ಬೆಂಗಳೂರು ಎಕ್ಸ್‌ಪ್ರೆಸ್‌ವೇ ಬಂದ್ ಆಗಿರೋದರಿಂದ ಮಂಡ್ಯ ಕಡೆಗೆ ಸರ್ವೀಸ್ ರಸ್ತೆಯೇ ಗತಿ. ಅಲ್ಲಿ ನಿಂತು ನಿಂತು ಹೋಗುವಾಗ ಗಾಳಿ ತಾಕದೆ ಸಿಲಿಂಡರ್ ಕಾಯೋದೇ ಹೆಚ್ಚು. ಮೊದಲ 500 ಕಿ.ಮೀ. ಲೀಟರ್ ಪೆಟ್ರೋಲಿಗೆ 40 ಎಂಎಲ್ 2ಟಿ (ಟೂ ಸ್ಟ್ರೋಕ್) ಆಯಿಲ್ ಬೆರೆಸಿ, ಆಮೇಲೆ ಒಳ್ಳೆಯ ಆಯಿಲ್ ಆದರೆ 30 ಸಾಕು. ಮೊದಲ ಸಲ ಬಿಸಿಯಾಗಿ ತಣ್ಣಗಾದ ಮೇಲೆ ಹೆಡ್ ನಟ್ ಮತ್ತೆ ಬಿಗಿಸಿ.

ಗಾಡಿ ತಿಂಗಳುಗಟ್ಟಲೆ ನಿಲ್ಲಿಸೋದಾದರೆ ಟ್ಯಾಂಕ್, ಕಾರ್ಬೊರೇಟರ್ ಎರಡನ್ನೂ ಖಾಲಿ ಮಾಡಿ. ಎಥನಾಲ್ ನೀರು ಹೀರಿ ತಳಕ್ಕೆ ಇಳಿದು ಬೇರೆಯಾಗುತ್ತೆ, ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತೆ. ಕಿಕ್ ಹೊಡೆದಾಗ ಇಂಜಿನ್‌ಗೆ ಮೊದಲು ಹೋಗೋದು ಆ ಆಯಿಲ್ ಇಲ್ಲದ ತಳದ ನೀರೇ.